ಬಟಾಣಿ ಬೆಳೆದ ಮಠಾಧಿಪತಿ ಗ್ರೆಗೊರ್ ಮೆಂಡೆಲ್



ಅಕ್ಕಲಕೋಟ ಕಡೆಯ ನಮ್ಮ ರೈತ ಕುಟುಂಬಗಳಿಗೆ ಬೀಜದ ಬೆಲೆ ಗೊತ್ತು. ಒಳ್ಳೆಯ ಜೋಳದ ತೆನೆಯನ್ನು ಮುಂದಿನ ಬಿತ್ತನೆಗೆಂದು ಎತ್ತಿಡುವುದು ನಮ್ಮ ಹಿರಿಯರ ರೂಢಿ. ಗುಣಗಳು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ಹೇಗೆ ಇಳಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಒಬ್ಬ ಕಥೋಲಿಕ ಗುರುಗಳು. ಅವರೇ ಗ್ರೆಗೊರ್ ಮೆಂಡೆಲ್.

ಇಂದಿನ ಚೆಕ್ ದೇಶದ ಒಂದು ಹಳ್ಳಿಯಲ್ಲಿ 1822ರ ಜುಲೈಯಲ್ಲಿ ಅವರು ರೈತನ ಮಗನಾಗಿ ಹುಟ್ಟಿದರು. ದೀಕ್ಷಾಸ್ನಾನದ ಹೆಸರು ಯೊಹಾನ್. ತಂದೆ ಮರ ಬಿದ್ದು ಗಾಯಗೊಂಡ ಮೇಲೆ ಮಗನ ಓದು ಕಷ್ಟಕ್ಕೆ ಬಂತು. ಆಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮುಂದೆ ಮೆಂಡೆಲರು ಅವಳ ಗಂಡುಮಕ್ಕಳ ಓದಿಗೆ ನೆರವಾದರು.

1843ರಲ್ಲಿ ಬ್ರನೊ ನಗರದ ಅಗಸ್ಟೀನ್ ಸಭೆಯ ಸಂತ ತೋಮಸರ ಮಠ ಸೇರಿ ಗ್ರೆಗೊರ್ ಎಂಬ ಹೆಸರು ಪಡೆದರು. 1847ರಲ್ಲಿ ಗುರುದೀಕ್ಷೆಯಾಯಿತು. ರೋಗಿಗಳ ನರಳಾಟ ನೋಡಿ ತಾವೇ ಕಾಯಿಲೆ ಬೀಳುವಷ್ಟು ಮೆದು ಮನಸ್ಸು ಅವರದು. ಹಾಗಾಗಿ ಮಠಾಧಿಪತಿಗಳು ಅವರನ್ನು ಶಾಲೆಯಲ್ಲಿ ಕಲಿಸಲು ಕಳಿಸಿದರು. ಶಿಕ್ಷಕರ ಪರೀಕ್ಷೆಯಲ್ಲಿ ಮಾತ್ರ ಅವರು ತೇರ್ಗಡೆಯಾಗಲೇ ಇಲ್ಲ.

1856ರಿಂದ 1863ರವರೆಗೆ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ ಪರೀಕ್ಷಿಸಿದರು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು. ಅಂದರೆ ಮೂರು ದುಂಡಿಗೆ ಒಂದು ಸುಕ್ಕು. ಸುಕ್ಕಿನ ಗುಣ ಅಳಿದಿರಲಿಲ್ಲ, ಅಡಗಿತ್ತು. 1866ರಲ್ಲಿ ಇದು ಅಚ್ಚಾದರೂ ಹೆಚ್ಚಿನವರು ಗಮನಿಸಲಿಲ್ಲ. 1868ರಲ್ಲಿ ಮಠಾಧಿಪತಿಯಾದ ಅವರು 1884ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ತೀರಿಕೊಂಡರು. ಜಗತ್ತು ಅವರ ಕೆಲಸದ ಬೆಲೆ ಅರಿತದ್ದು 1900ರಲ್ಲಿ.

ಆ ಮೇಲೆ ಕೆಲವರು ಈ ವಿದ್ಯೆಯನ್ನು ತಿರುಚಿದರು. ಮನುಷ್ಯರಲ್ಲೂ ಒಳ್ಳೆಯ ತಳಿ, ಕೆಟ್ಟ ತಳಿ ಎಂದು ಆರಿಸಹೊರಟರು. ಅಮೆರಿಕ, ಜರ್ಮನಿಗಳಲ್ಲಿ ಬಡವರಿಗೂ ರೋಗಿಗಳಿಗೂ ಬಲವಂತದಿಂದ ಸಂತಾನಶಕ್ತಿ ಹರಣ ಮಾಡಿಸಿದರು. 1930ರಲ್ಲೇ ಜಗದ್ಗುರು ಹನ್ನೊಂದನೆಯ ಪಿಯುಸ್ ಇದನ್ನು ಖಂಡಿಸಿದ್ದರು. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಈ ಚಾಳಿ ನಮ್ಮ ಸೊಲ್ಲಾಪುರಕ್ಕೂ ಹೊಸದಲ್ಲ. 1871ರ ಬ್ರಿಟಿಷ್ ಕಾಯ್ದೆ ಕೆಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಅಂಥವರನ್ನು ಇಲ್ಲಿ ತಂತಿಬೇಲಿಯೊಳಗೆ ಇಟ್ಟಿದ್ದರು. ಆ ಜಾಗವನ್ನು ನಾವು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತೇವೆ.

ಈಗ ವಂಶವಾಹಿಯನ್ನೇ ತಿದ್ದುವ ಕಾಲ. 2018ರಲ್ಲಿ ಚೀನಾದ ಒಬ್ಬ ವಿಜ್ಞಾನಿ, ಎಚ್‌ಐವಿ ತಗಲದಿರಲೆಂದು ಭ್ರೂಣಗಳನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿದರು. ಅವರಿಗೆ ಜೈಲುಶಿಕ್ಷೆಯಾಯಿತು. ಆ ಮಕ್ಕಳ ದೇಹದಲ್ಲಾದ ಬದಲಾವಣೆ ಅವರ ಮಕ್ಕಳಿಗೂ ಹೋಗಬಹುದು.

ಮನೆತನದ ಕಾಯಿಲೆ ತಮ್ಮ ಮಕ್ಕಳಿಗೆ ಬಾರದಿರಲಿ ಎಂದು ಬಯಸುವುದು ತಾಯ್ತಂದೆಯರ ಪ್ರೀತಿ. ಅದನ್ನು ಪಾಪವೆನ್ನಲು ನಮಗೆ ಬಾಯಿ ಬರದು. ಧರ್ಮಸಭೆಯೂ ಚಿಕಿತ್ಸೆಗೆ ಅಡ್ಡ ನಿಂತಿಲ್ಲ. ರೋಗಿಯ ದೇಹದ ಕಣಗಳನ್ನಷ್ಟೇ ತಿದ್ದಿ ಗುಣಪಡಿಸುವುದು ತತ್ವದಲ್ಲಿ ಸರಿ ಎಂದು 2008ರಲ್ಲಿ ವ್ಯಾಟಿಕನ್ ತಿಳಿಸಿದೆ. ಸಂತತಿಗೆ ಇಳಿಯುವ ತಿದ್ದುಪಡಿಯನ್ನು ಮಾತ್ರ, ಹುಟ್ಟುವ ಮಗುವಿಗೆ ಅಪಾಯವಿರುವ ಇಂದಿನ ಸ್ಥಿತಿಯಲ್ಲಿ, ಒಪ್ಪಿಲ್ಲ. ಮನುಷ್ಯನನ್ನು ಇನ್ನಷ್ಟು ಉತ್ತಮನಾಗಿ ತಯಾರಿಸುವ ಆಸೆಯನ್ನೂ ತಳ್ಳಿಹಾಕಿದೆ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯೂ ಇಂಥ ವಂಶ ತಿದ್ದುಪಡಿಯನ್ನು ನಿಷೇಧಿಸಿದೆ.

ಮೆಂಡೆಲರು ಬೇಡವಾದ ಬಟಾಣಿ ಗಿಡವನ್ನು ಕಿತ್ತು ಮತ್ತೆ ಬಿತ್ತಬಹುದಿತ್ತು. ಮಗುವಿನ ವಿಷಯದಲ್ಲಿ ತಪ್ಪಿದರೆ ಕಿತ್ತೆಸೆಯಲು ಬಾರದು. ಅದರ ಮೊಮ್ಮಕ್ಕಳನ್ನು ಈಗ ಕೇಳಲೂ ಆಗದು. ವಂಶದ ಕಾಯಿಲೆಯಿರುವ ಮನೆಯವರು ನಾಚಿಕೆಪಡದೆ ವೈದ್ಯರನ್ನು ಕಾಣಲಿ. ಆ ಮನೆಯ ರಕ್ತವೇ ಕೆಟ್ಟದ್ದು ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಬಾರದಿರಲಿ.