ಹೊರೆ ಹೊತ್ತವರ ಬೆಟ್ಟ

 

ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬ ಮಹನೀಯರ ಜೀವನ ಬರೆದು ತನ್ನಿ ಅಂತ ಕನ್ನಡ ಮೇಷ್ಟ್ರು ಹೇಳಿದಾಗ ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಎಲ್ಲರನ್ನೂ ಬೇರೆಯವರು ಮೊದಲೇ ಹಿಡಿದುಕೊಂಡುಬಿಟ್ಟಿದ್ದರು. ಶಾಲೆಯ ಬೀರುವಿನಲ್ಲಿ ಹುಡುಕುವಾಗ ಒಂದು ಹಳೇ ಪುಸ್ತಕದಲ್ಲಿ ಹಿಮದ ಮೇಲೆ ನಿಂತು ಬಾವುಟ ಕಟ್ಟಿದ ಕೊಡಲಿ ಎತ್ತಿ ಹಿಡಿದವರ ಚಿತ್ರ ಸಿಕ್ಕಿತು. ಅವರೇ ತೇನ್‌ಸಿಂಗ್ ನೋರ್ಗೆ. ಬೇರೆ ಯಾರೂ ಸಿಗದೆ ಇವರನ್ನು ಆರಿಸಿಕೊಂಡೆ. ಓದಿ ಮುಗಿಸಿದ ಮೇಲೆ ಇವರೇ ಸಿಕ್ಕಿದ್ದು ಒಳ್ಳೇದಾಯ್ತು ಅನ್ನಿಸಿತು.

ನಾವು ಹಿಮ ಕಂಡವರಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐಸ್ ಕ್ಯಾಂಡಿ ತಿಂತೀವಲ್ಲ, ನಮಗೆ ಗೊತ್ತಿರೋ ಹಿಮ ಅಷ್ಟೇ. ನಾವು ಹತ್ತಿದ ಬೆಟ್ಟ ಅಂದರೆ ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ, ಬಿಟ್ಟರೆ ಚಾಮುಂಡಿ ಬೆಟ್ಟ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ 1,000 ಮೀಟರಿಗೆ ಸ್ವಲ್ಪ ಹೆಚ್ಚು. ಎವರೆಸ್ಟ್ 8,848.86 ಮೀಟರ್. ಇದು 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಲೆಕ್ಕ. ಎಂಟು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಇನ್ನೂ ಸ್ವಲ್ಪ ಸಾಲದು. ಅದರ ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಡದಲ್ಲಿ ಸಿಗುವುದರ ಮೂರನೇ ಒಂದು ಪಾಲು ಮಾತ್ರ.

ಅಲ್ಲಿಗೆ ಯಾವಾಗ ಬೇಕಾದರೂ ಹೋಗೋಕಾಗಲ್ಲ. ಚಳಿಗಾಲದಲ್ಲಿ ತುದಿಯ ಮೇಲೆ ಭಾರಿ ಬಿರುಗಾಳಿ. ಜೂನ್ ಬಂದರೆ ಮುಂಗಾರು ಹಿಮ ಸುರಿಸುತ್ತದೆ. ಎರಡರ ನಡುವೆ ಮೇ ತಿಂಗಳಲ್ಲಿ ಕೆಲವೇ ದಿನ ಗಾಳಿ ತಗ್ಗುತ್ತದೆ. ಕಪಿಲೆ ತುಂಬಲಿ ಅಂತ ನಾವು ಮುಂಗಾರಿಗೆ ಕಾಯ್ತೀವಿ. ಅವರು ಆ ಮುಂಗಾರು ಬರುವುದರೊಳಗೆ ಹತ್ತಿ ಇಳಿದುಬಿಡಬೇಕು.

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ. ಹುಟ್ಟಿದ ದಿನವನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ತಂದೆ ಯಾಕ್ ಕಾಯುವವರು. ಯಾಕ್ ಅಂದರೆ ಮೈತುಂಬ ಉದ್ದ ಕೂದಲಿರುವ ಹಿಮಾಲಯದ ದನ. ಮನೆಯಲ್ಲಿ 13 ಮಕ್ಕಳು, ಇವರು ಹನ್ನೊಂದನೆಯವರು. ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. ಓದಲಿ ಅಂತ ಬೌದ್ಧ ಮಠಕ್ಕೆ ಸೇರಿಸಿದರೆ, ಅಲ್ಲೊಬ್ಬರು ತಲೆಗೆ ಹೊಡೆದರು ಅಂತ ಮನೆಗೆ ಓಡಿಬಂದರು. ಆಮೇಲೆ ಅವರು ಶಾಲೆಯ ಮುಖ ನೋಡಲಿಲ್ಲ.

1932ರಲ್ಲಿ ಡಾರ್ಜಿಲಿಂಗಿಗೆ ಬಂದರು. ಎವರೆಸ್ಟ್ ಹತ್ತಲು ಹೊರಡುವ ಇಂಗ್ಲಿಷರು ಆಗ ಅಲ್ಲೇ ಆಳುಗಳನ್ನು ಆರಿಸುತ್ತಿದ್ದರು. 1933ರಲ್ಲಿ ಇವರನ್ನು ತೆಗೆದುಕೊಳ್ಳಲಿಲ್ಲ. 1935ರಲ್ಲಿ ಎರಿಕ್ ಶಿಪ್ಟನ್ ಎಂಬವರ ತಂಡದಲ್ಲಿ ಜಾಗ ಸಿಕ್ಕಿತು. ಕೆಲಸ ಏನು ಅಂದರೆ ಹೊರೆ ಹೊರೋದು. ಡೇರೆ, ಅಕ್ಕಿ ಹಿಟ್ಟು, ಹಗ್ಗ ಎಲ್ಲ ಬೆನ್ನಿಗೆ ಏರಿಸಿಕೊಂಡು ಮಂಜುಗಡ್ಡೆಯ ಮೇಲೆ ಹತ್ತಬೇಕು. ನಮ್ಮ ಮಾತಿನಲ್ಲಿ ಹೇಳೋದಾದರೆ ಹಮಾಲಿ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಯಾಕೆ ಅಂತ ಹೇಳಿಬಿಡ್ತೀನಿ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ಈ ವರ್ಷ ಶಾಲೆ ಶುರುವಾದಾಗ ತುಂಬಿಸಿದ ನಮೂನೆಯಲ್ಲಿ ತಂದೆಯ ಉದ್ಯೋಗ ಅಂತ ಇದ್ದ ಕಡೆ ನಾನು ವ್ಯಾಪಾರ ಅಂತ ಬರೆದಿದ್ದೆ. ಅಪ್ಪನಿಗೆ ಓದಲು ಬರಲ್ಲ. ನಾನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು.

ಸಂಜೆ ಮತ್ತೆ ಪುಸ್ತಕ ತೆರೆದೆ.

1936ರಲ್ಲಿ ತೇನ್‌ಸಿಂಗ್ ಮತ್ತೆ ಹೋದರು. 1938ರಲ್ಲೂ ಹೋಗಿ 8,200 ಮೀಟರಿಗಿಂತ ಮೇಲಕ್ಕೆ ಹೊರೆ ಮುಟ್ಟಿಸಿದರು. 1947ರಲ್ಲಿ ಒಬ್ಬ ಸಾಹಸಿಯ ಜೊತೆ ಕದ್ದುಮುಚ್ಚಿ ಟಿಬೆಟ್ ಕಡೆಯಿಂದ ಹೋಗಿ, ಚಳಿ ತಾಳಲಾರದೆ ವಾಪಸ್ಸು ಬಂದರು. 1952ರ ಮೇನಲ್ಲಿ ಸ್ವಿಟ್ಜರ್ಲೆಂಡಿನವರು ಅವರನ್ನು ಬರೀ ಆಳಾಗಿ ಅಲ್ಲ, ಜೊತೆಗಾರರಾಗಿ ಕರೆದುಕೊಂಡರು. ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ಇಬ್ಬರೇ ಒಂದು ರಾತ್ರಿ ಎತ್ತರದ ಡೇರೆಯಲ್ಲಿ ಉಳಿದರು. ಹೊದೆಯಲು ಏನಿಲ್ಲ, ಒಲೆಯೂ ಇಲ್ಲ. ಮೇಣದ ಬತ್ತಿಯ ಮೇಲೆ ಡಬ್ಬಿ ಹಿಡಿದು ಮಂಜುಗಡ್ಡೆ ಕರಗಿಸಿ ಒಂದೊಂದು ಗುಟುಕು ನೀರು ಕುಡಿದರು. ನಿದ್ದೆ ಬಂದರೆ ಹೆಪ್ಪುಗಟ್ಟಿ ಸಾಯುತ್ತೀವಿ ಅಂತ ರಾತ್ರಿಯೆಲ್ಲ ಒಬ್ಬರ ಮೈ ಒಬ್ಬರು ಗುದ್ದಿ ಉಜ್ಜಿದರು. ಮಾರನೇ ದಿನ ಸುಮಾರು 8,600 ಮೀಟರ್‌ವರೆಗೆ ಹೋಗಿ, ಇನ್ನು ಕಾಲು ಏಳದೆ ಹಿಂದಿರುಗಿದರು. ಅದೇ ವರ್ಷ ಮಳೆಗಾಲ ಕಳೆದ ಮೇಲೆ ಆರನೇ ಸಲ ಹೋದರು. ಗಾಳಿ ಬಿಡಲಿಲ್ಲ. ಬಂದು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು.

ಆರು ಸಲ ಆಗಲಿಲ್ಲ ಅಂದರೆ ನಾವಾಗಿದ್ದರೆ ಸಾಕಪ್ಪಾ ಸಾಕು ಅಂತಿದ್ದೆವು. ಅವರು 1953ರಲ್ಲಿ ಏಳನೇ ಸಲ ಹೊರಟರು.

ಈ ತಂಡದ ನಾಯಕ ಜಾನ್ ಹಂಟ್. ತೇನ್‌ಸಿಂಗ್ ಶೆರ್ಪಾಗಳಿಗೆಲ್ಲ ಮೇಸ್ತ್ರಿ, ಜೊತೆಗೆ ತುದಿ ಹತ್ತುವವರಲ್ಲಿ ಒಬ್ಬರು. ಕಠ್ಮಂಡುವಿನಲ್ಲಿ ಸಾಹೇಬರುಗಳಿಗೆ ಕೋಣೆ ಕೊಟ್ಟು ಶೆರ್ಪಾಗಳನ್ನು ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಮಲಗಿಸಿದರಂತೆ. ಶೆರ್ಪಾಗಳು ಸಿಟ್ಟಾಗಿ ಮರುದಿನ ಬೆಳಿಗ್ಗೆ ಪ್ರತಿಭಟನೆ ಮಾಡಿದರು. ಹೊರೆ ಹೊರುವವರಿಗೂ ಮರ್ಯಾದೆ ಇದೆ ಅನ್ನೋದು ಅವರ ಮಾತು.

ಅಲ್ಲಿಂದ ಸುಮಾರು 350 ಜನ ಸಾಮಾನು ಹೊತ್ತು ನಡೆದರು. ಅವರಲ್ಲಿ ಹೆಂಗಸರೂ ಇದ್ದರು. ಹಣೆಗೆ ಅಗಲ ಪಟ್ಟಿ ಹಾಕಿ ಬೆನ್ನಿನ ಭಾರವನ್ನು ಅದಕ್ಕೆ ತೂಗುಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ತಲೆಗೆ ಸಿಂಬಿ ಇಟ್ಟುಕೊಳ್ಳುವ ಹಾಗೆ ಅವರಿಗೆ ಈ ಪಟ್ಟಿ.

ಏಪ್ರಿಲಿನಲ್ಲಿ ಒಂದು ಘಟನೆ ನಡೆಯಿತು. ನ್ಯೂಜಿಲೆಂಡಿನ ಎಡ್ಮಂಡ್ ಹಿಲರಿ ಒಂದು ಬಿರುಕನ್ನು ದಾಟಲು ನೆಗೆದಾಗ ಮಂಜಿನ ಅಂಚು ಮುರಿದು ಒಳಗೆ ಬಿದ್ದರು. ಇಬ್ಬರ ನಡುವೆ ಹಗ್ಗ ಇತ್ತು. ತೇನ್‌ಸಿಂಗ್ ತಕ್ಷಣ ಹಿಮಗೊಡಲಿ ನೆಟ್ಟು ಹಗ್ಗ ಬಿಗಿಹಿಡಿದರು. ಹಿಲರಿ ಉಳಿದುಕೊಂಡರು. ಆವತ್ತಿನಿಂದ ಇಬ್ಬರೂ ಒಳ್ಳೇ ಜೋಡಿಯಾದರು.

ಮೇ 26ರಂದು ಬೇರೆ ಇಬ್ಬರು ತುದಿಗೆ ಇನ್ನು ಸ್ವಲ್ಪ ದೂರ ಇರುವಾಗ ದಣಿದು ಹಿಂದಿರುಗಿದರು. ಆಮೇಲೆ ಹಿಲರಿ, ತೇನ್‌ಸಿಂಗ್ ಸರದಿ. 28ರ ರಾತ್ರಿ ಸುಮಾರು 8,500 ಮೀಟರ್ ಎತ್ತರದಲ್ಲಿ ಡೇರೆ ಹಾಕಿದರು. ಆ ಡೇರೆಯ ಸಾಮಾನು ಅಲ್ಲಿಗೆ ಮುಟ್ಟಲು ದಾ ನಂಗ್ಯಾಲ್, ಆಂಗ್ ನೀಮಾ ಎಂಬ ಶೆರ್ಪಾಗಳೂ ಇನ್ನು ಕೆಲವರೂ ಹೊತ್ತು ಹಾಕಿದ್ದರು. ಅವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಬೆಳಿಗ್ಗೆ ಎದ್ದರೆ ಹಿಲರಿಯ ಬೂಟು ಕಲ್ಲಾಗಿತ್ತು. ಒಲೆಯ ಮೇಲೆ ಹಿಡಿದು ಮೆತ್ತಗೆ ಮಾಡಿಕೊಂಡರು. ತೇನ್‌ಸಿಂಗ್ ಜಾಣರು, ಬೂಟು ಹಾಕಿಕೊಂಡೇ ಮಲಗಿದ್ದರು. ಆರೂವರೆಗೆ ಹೊರಟು, ಕೊನೆಯ ಕಡಿದಾದ ಬಂಡೆಯ ಸಂದಿಯಲ್ಲಿ ತೆವಳಿ ಏರಿ, 1953ರ ಮೇ 29ರ ಬೆಳಿಗ್ಗೆ ಹನ್ನೊಂದೂವರೆಗೆ ತುದಿ ಮುಟ್ಟಿದರು. ಅಲ್ಲಿದ್ದದ್ದು ಕಾಲು ಗಂಟೆ. ತೇನ್‌ಸಿಂಗರ ಕೊರಳಲ್ಲಿ ಲ್ಯಾಂಬರ್ಟ್ ಕೊಟ್ಟ ಕೆಂಪು ವಸ್ತ್ರ ಇತ್ತು. ಹಿಮ ತೋಡಿ ಸಿಹಿತಿಂಡಿಯನ್ನೂ, ಮಗಳು ಕೊಟ್ಟಿದ್ದ ಒಂದು ತುಂಡು ಪೆನ್ಸಿಲನ್ನೂ ಹೂತು ಕೈಮುಗಿದರು. ತನಗೆ ಬರೆಯಲು ಬಾರದಿದ್ದರೂ ಮಗಳ ಪೆನ್ಸಿಲನ್ನು ಲೋಕದ ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೊತ್ತುಕೊಂಡು ಹೋಗಿದ್ದರು. ಹುಟ್ಟಿದ ದಿನ ಗೊತ್ತಿರಲಿಲ್ಲವಲ್ಲ, ಮುಂದೆ ಮೇ 29ನ್ನೇ ಹುಟ್ಟುಹಬ್ಬ ಮಾಡಿಕೊಂಡರು.

ಕೆಳಗೆ ಬಂದ ಮೇಲೆ ಜನ ಕೇಳಿದ್ದು ಒಂದೇ. ಮೊದಲು ಕಾಲಿಟ್ಟವರು ಯಾರು? ನೇಪಾಳದವರಿಗೆ, ನಮ್ಮ ದೇಶದವರಿಗೆ ತೇನ್‌ಸಿಂಗ್ ಅನ್ನಿಸಬೇಕು, ಇಂಗ್ಲಿಷರಿಗೆ ಹಿಲರಿ ಅನ್ನಿಸಬೇಕು. ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟಿದೆವು ಅಂತ ಇಬ್ಬರೂ ಸಹಿ ಹಾಕಿ ಕೊಟ್ಟರು. 1955ರಲ್ಲಿ ತಮ್ಮ ಜೀವನ ಕಥೆ ಹೇಳಿ ಬರೆಸಿದಾಗ ತೇನ್‌ಸಿಂಗ್ ನಿಜ ಬಿಚ್ಚಿಟ್ಟರು. ಹಿಲರಿ ಒಂದು ಹೆಜ್ಜೆ ಮುಂದೆ, ತಾನು ಹಿಂದೆ, ಒಂದೇ ಹಗ್ಗದಲ್ಲಿ. ನಂಜನಗೂಡಿನ ದೊಡ್ಡ ತೇರು ಎಳೆಯುವಾಗ ನಾವೆಲ್ಲ ಹಗ್ಗ ಹಿಡಿದವರೇ. ತೇರು ನೆಲೆಗೆ ಬಂದ ಮೇಲೆ ಹಗ್ಗದ ಮುಂದೆ ಯಾರಿದ್ದರು ಅಂತ ಯಾರಾದರೂ ಕೇಳ್ತಾರಾ?

ಆದರೂ ಬಿರುದು ಕೊಡುವಾಗ ಭೇದವಾಯಿತು. ಬ್ರಿಟನ್ ಹಿಲರಿಗೂ ಹಂಟರಿಗೂ ಸರ್ ಪದವಿ ಕೊಟ್ಟಿತು, ತೇನ್‌ಸಿಂಗರಿಗೆ ಜಾರ್ಜ್ ಪದಕ ಮಾತ್ರ. ನಮ್ಮ ದೇಶ 1959ರಲ್ಲಿ ಪದ್ಮಭೂಷಣ ಕೊಟ್ಟಿತು. 1954ರಲ್ಲಿ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಶಾಲೆ ಶುರುವಾದಾಗ ತೇನ್‌ಸಿಂಗರೇ ತರಬೇತಿಯ ಮುಖ್ಯಸ್ಥರಾದರು. ಶಾಲೆಯಿಂದ ಓಡಿಹೋದವರು ಎಷ್ಟೋ ಜನಕ್ಕೆ ಗುರುಗಳಾದರು. 1986ರ ಮೇ 9ರಂದು ಡಾರ್ಜಿಲಿಂಗಿನಲ್ಲೇ ತೀರಿಕೊಂಡರು. ಹತ್ತು ವರ್ಷದ ಮೇಲೆ, 1996ರಲ್ಲಿ, ಅವರ ಮಗ ಜಾಮ್ಲಿಂಗ್ ಅದೇ ತುದಿ ಮುಟ್ಟಿ ಬಂದರು.

ಕಳೆದ ಜಾತ್ರೆಗೆ ಮುಡುಕುತೊರೆಗೆ ಹೋಗಿದ್ದೆವು. ಬರಿಗೈಯಲ್ಲಿ ಹತ್ತಿದ ನಾನು ನಾಲ್ಕು ಕಡೆ ಕೂತೆ. ಅಪ್ಪ ದಾಸೋಹಕ್ಕೆ ಕೊಡುವ ಅಕ್ಕಿ ಮೂಟೆ ಹೊತ್ತು ಒಂದು ಕಡೆಯೂ ನಿಲ್ಲದೆ ಹತ್ತಿದರು. ಆವತ್ತು ನನಗೆ ಅದು ದೊಡ್ಡದು ಅನ್ನಿಸಿರಲಿಲ್ಲ.

ಮೊನ್ನೆ ಸೋಮವಾರ ಮೇಷ್ಟ್ರ ಹತ್ತಿರ ಹೋಗಿ ನಮೂನೆ ಕೇಳಿದೆ. ವ್ಯಾಪಾರ ಅನ್ನೋದನ್ನು ಹೊಡೆದು ಹಮಾಲಿ ಅಂತ ಬರೆದೆ. ಮನೆಗೆ ಹೋಗಿ ಅಪ್ಪನಿಗೆ ತೇನ್‌ಸಿಂಗರ ಕತೆ ಓದಿ ಹೇಳಿದೆ. ಅವರು ಎಲ್ಲ ಕೇಳಿ, ಆ ಹಣೆಪಟ್ಟಿ ಎಷ್ಟು ಅಗಲ ಇರುತ್ತೆ ಅಂತ ವಿಚಾರಿಸಿದರು. ಪುಸ್ತಕದಲ್ಲಿದ್ದ ಚಿತ್ರ ತೋರಿಸಿದೆ. ತುಂಬಾ ಹೊತ್ತು ನೋಡಿದರು.

ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಪುಸ್ತಕವನ್ನು ಬೀರುವಿನ ಎರಡನೇ ಅಂಕಣದಲ್ಲಿ ವಾಪಸ್ಸು ಇಟ್ಟಿದ್ದೀನಿ, ಬೇಕಾದವರು ತೆಗೆದುಕೊಳ್ಳಿ.