ರಂಗಪರದೆಯಿಂದ ಬಯಲಿಗೆ: ಬಿ.ಆರ್. ಪಂತುಲು ಅವರ ದೃಶ್ಯಪ್ರಜ್ಞೆ

ಕನ್ನಡ ಚಲನಚಿತ್ರದ ಚರಿತ್ರೆಯಲ್ಲಿ ಬಿ.ಆರ್. ಪಂತುಲು ಅವರ ಹೆಸರು ನಟರಾಗಿ, ಸಾಹಸಿ ನಿರ್ಮಾಪಕರಾಗಿ ಸ್ಥಿರಗೊಂಡಿದೆ. ಛಾಯಾಗ್ರಹಣದ ಸಾಧ್ಯತೆಗಳನ್ನು ಅರಸಿದ ನಿರ್ದೇಶಕರಾಗಿಯೂ ಅವರ ಬದುಕನ್ನು ಅವಲೋಕಿಸುವುದು ಅವಶ್ಯಕ.

1910ರಲ್ಲಿ ಜನಿಸಿದ ಪಂತುಲು ಅವರು ಕೋಲಾರ ಜಿಲ್ಲೆಯ ಬೂದಿಕೋಟೆ ಸೀಮೆಯವರು. ಬಂಗಾರಪೇಟೆಗೂ ಕೋಲಾರ ಚಿನ್ನದ ಗಣಿಗೂ ಸಮೀಪದ ಈ ನೆಲದಲ್ಲಿ ಕನ್ನಡ, ತೆಲುಗು, ತಮಿಳುಗಳು ಒಟ್ಟಿಗೆ ಬಾಳುತ್ತವೆ. ಈ ಗಡಿನಾಡಿನಿಂದ ಬಂದವರು ಮುಂದೆ ಹಲವು ಭಾಷೆಗಳಲ್ಲಿ ಚಿತ್ರ ತೆಗೆದುದು ಆಕಸ್ಮಿಕವೆನಿಸದು. ಮೊದಲು ಉಪಾಧ್ಯಾಯರಾಗಿದ್ದ ಅವರು ವೃತ್ತಿರಂಗಭೂಮಿಯನ್ನು ಸೇರಿದರು. ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕೆ’ (1936) ಅವರನ್ನು ತೆರೆಗೆ ತಂದಿತು.

ಚಿತ್ರಿಸಿದ ಪರದೆಯ ಮುಂದೆ ನಿಂತು ಅಭಿನಯಿಸಿದವರಿಗೆ ಪ್ರೇಕ್ಷಕರ ದೃಷ್ಟಿ ಒಂದೇ ದಿಕ್ಕಿನಿಂದ ಬರುತ್ತದೆ. ಕ್ಯಾಮೆರಾ ಈ ಕಟ್ಟನ್ನು ಸಡಿಲಿಸುತ್ತದೆ. ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಪಂತುಲು ಅವರು ಈ ಸ್ವಾತಂತ್ರ್ಯವನ್ನು ಹಂತಹಂತವಾಗಿ ಬಳಸಿಕೊಂಡರು. ‘ಸ್ಕೂಲ್ ಮಾಸ್ಟರ್’ (1958) ಮನೆಯೊಳಗಿನ ಕಥೆ. ಮರುವರ್ಷದ ತಮಿಳಿನ ‘ವೀರಪಾಂಡಿಯ ಕಟ್ಟಬೊಮ್ಮನ್’ ರಂಗದ ಮೇಲೆ ಯಶಸ್ಸು ಕಂಡಿದ್ದ ನಾಟಕ. ಅದನ್ನು ಅವರು ಛಾಯಾಗ್ರಾಹಕ ಡಬ್ಲ್ಯು.ಆರ್. ಸುಬ್ಬರಾವ್ ಅವರೊಡನೆ ಬಯಲಿಗೂ ಬಣ್ಣಕ್ಕೂ ಒಯ್ದರು. ‘ಕರ್ಣನ್’ (1964) ಚಿತ್ರದ ಯುದ್ಧದೃಶ್ಯಗಳಿಗಾಗಿ ಕುರುಕ್ಷೇತ್ರಕ್ಕೇ ತೆರಳಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬ್ರಿಟಿಷರನ್ನು ಎದುರಿಸಿದ ಅರಸೊತ್ತಿಗೆಯೇ ‘ಕಿತ್ತೂರು ಚೆನ್ನಮ್ಮ’ (1961) ಚಿತ್ರದ ವಸ್ತು. ನಿರ್ದೇಶಕರೂ ಅವರೇ. ಆದರೆ ತಮಿಳಿನ ಕಟ್ಟಬೊಮ್ಮನಿಗೆ ದೊರೆತ ಬಣ್ಣ ಕನ್ನಡದ ಚೆನ್ನಮ್ಮನಿಗೆ ದೊರೆಯಲಿಲ್ಲ. ಅಂದಿನ ಕನ್ನಡ ಚಿತ್ರದ ಮಾರುಕಟ್ಟೆ ಕಿರಿದಾಗಿದ್ದುದನ್ನು ನೆನೆದರೆ ಈ ಅಂತರಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಿಲ್ಲ. ಚೆನ್ನಮ್ಮನ ಕಥೆಯನ್ನು ಕಪ್ಪು-ಬಿಳುಪಿನ ನೆರಳುಬೆಳಕಿನಲ್ಲೇ ಹೇಳಬೇಕಾಯಿತು. ‘ಶ್ರೀಕೃಷ್ಣದೇವರಾಯ’ (1970) ವರ್ಣದಲ್ಲಿ ಮೂಡಿದಾಗ ಆ ಕೊರತೆ ನೀಗಿತು. ರಾಜ್‌ಕುಮಾರ್ ಅರಸನಾದ ಆ ಚಿತ್ರದಲ್ಲಿ ಪಂತುಲು ಅವರು ತಿಮ್ಮರಸುವಾಗಿ ನಟಿಸಿದರು.

ಉಪಾಧ್ಯಾಯ ವೃತ್ತಿಯನ್ನು ಅವರು ಒಂದರ್ಥದಲ್ಲಿ ಬಿಡಲೇ ಇಲ್ಲ. ಚಿತ್ರರಂಗದ ಕನಸು ಹೊತ್ತ ಪುಟ್ಟಣ್ಣ ಕಣಗಾಲ್ ಅವರು ಪಂತುಲು ಅವರ ಸಹಾಯಕರಾಗಿ ಪಳಗಿದರು. ಗುರು ಬಯಲನ್ನು ಇತಿಹಾಸದ ವೈಭವಕ್ಕೆ ಬಳಸಿದರೆ, ಶಿಷ್ಯರು ‘ಬೆಳ್ಳಿಮೋಡ’ದಲ್ಲಿ (1967) ನಿಸರ್ಗವನ್ನು ಹೆಣ್ಣಿನ ಅಂತರಂಗಕ್ಕೆ ಹತ್ತಿರ ತಂದರು. ಹೊರಾಂಗಣದ ಚೆಲುವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸ್ಫೂರ್ತಿಯಾಗಿ ಹರಿದುದಲ್ಲದೆ, ಹರಿಯುವಾಗ ತನ್ನ ಅರ್ಥವನ್ನೂ ಬದಲಿಸಿಕೊಂಡಿತು.

ಪಂತುಲು ಅವರು 1974ರ ಅಕ್ಟೋಬರ್ 8ರಂದು ನಿಧನರಾದರು. 2012ರಲ್ಲಿ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಗೊಂಡ ‘ಕರ್ಣನ್’ ಹೊಸ ಪೀಳಿಗೆಯ ಪ್ರೇಕ್ಷಕರನ್ನು ಸೆಳೆಯಿತು. ಅವರ ಕನ್ನಡ ಚಿತ್ರಗಳಿಗೂ ಅಂಥ ಆರೈಕೆ ಸಲ್ಲಬೇಕು. ಚಿತ್ರಕಥೆ, ಸಂಭಾಷಣೆಗಳ ಅಧ್ಯಯನಕ್ಕೆ ಮುದ್ರಿತ ಪಠ್ಯ ಸಾಕಾದೀತು. ದೃಶ್ಯದ ಅಧ್ಯಯನಕ್ಕೆ ಸುಸ್ಥಿತಿಯ ಪ್ರತಿಯೇ ಆಕರ. ಅದು ಮಸುಕಾದರೆ ಬೂದಿಕೋಟೆ ಸೀಮೆಯ ಈ ಉಪಾಧ್ಯಾಯರ ಪಾಠದ ಅರ್ಧಭಾಗ ನಮ್ಮ ಪಾಲಿಗೆ ಅಳಿಸಿಹೋಗುತ್ತದೆ.