ಮೂರು ಬೀಗದ ಪೆಟ್ಟಿಗೆ

ದುಡಿದಾಗ ಉಳಿಸಿಡಲು ಜಾಗವಿಲ್ಲ, ಕಷ್ಟ ಬಂದಾಗ ಕೈಯಲ್ಲಿ ಕಾಸಿಲ್ಲ. ಇನ್ನೂರು ವರ್ಷಗಳ ಹಿಂದೆ ಸ್ಕಾಟ್‌ಲೆಂಡಿನ ಕೂಲಿಕಾರರ ಪಾಡು ಇದಾಗಿತ್ತು. ಅವರಿಗೆ ಬ್ಯಾಂಕಿನ ಬಾಗಿಲು ತೆರೆದವರು ಹೆನ್ರಿ ಡಂಕನ್ ಎಂಬ ಪಾದ್ರಿ.

1774ರಲ್ಲಿ ಹುಟ್ಟಿದ ಡಂಕನ್, ಓದಿನ ನಡುವೆ ಲಿವರ್‌ಪೂಲ್‌ನ ಬ್ಯಾಂಕೊಂದರಲ್ಲಿ ಮೂರು ವರ್ಷ ದುಡಿದರು. ಮನಸ್ಸು ಒಗ್ಗದೆ ಆ ನೌಕರಿ ಬಿಟ್ಟು ಧರ್ಮಶಾಸ್ತ್ರ ಓದಿ, 1799ರಲ್ಲಿ ರುತ್‌ವೆಲ್ ಎಂಬ ಬಡ ಹಳ್ಳಿಯ ಚರ್ಚಿಗೆ ಬಂದರು. ಬಿಟ್ಟುಬಂದ ಕೆಲಸದ ಅನುಭವವೇ ಅಲ್ಲಿ ಕೈಹಿಡಿಯಿತು.

ಆಗಿನ ಬ್ಯಾಂಕುಗಳಲ್ಲಿ ಖಾತೆ ತೆರೆಯಲು 10 ಪೌಂಡ್ ಬೇಕಿತ್ತು. ಡಂಕನ್ 1810ರಲ್ಲಿ ಆರಂಭಿಸಿದ ಉಳಿತಾಯ ಬ್ಯಾಂಕಿನಲ್ಲಿ 6 ಪೆನ್ಸ್, ಅಂದರೆ ಪೌಂಡಿನ ನಲವತ್ತನೇ ಒಂದು ಪಾಲು ಸಾಕಿತ್ತು. ಹೀಗೆ ಕೂಡಿದ ಹಣವನ್ನು ದೊಡ್ಡ ಬ್ಯಾಂಕಿನಲ್ಲಿಟ್ಟು ಸದಸ್ಯರಿಗೆ ಬಡ್ಡಿ ಕೊಡುತ್ತಿದ್ದರು. ಮೊದಲ ವರ್ಷ ಸೇರಿದ್ದು ಸುಮಾರು 151 ಪೌಂಡ್.

ಹಣದ ಪೆಟ್ಟಿಗೆಗೆ ಮೂರು ಬೀಗಗಳಿದ್ದವು. ಮೂರು ಕೀಲಿಗಳೂ ಸೇರದೆ ಅದು ತೆರೆಯುತ್ತಿರಲಿಲ್ಲ. ಬಡವರ ದುಡ್ಡಿಗೆ ಒಬ್ಬರ ಒಳ್ಳೆಯತನವನ್ನಷ್ಟೇ ನಂಬಿ ಕೂರಬಾರದೆಂಬ ಎಚ್ಚರ ಅಲ್ಲಿತ್ತು. ಟ್ರಸ್ಟಿ ಎಂಬ ಪದದ ಅರ್ಥ ನನಗೆ ತಿಳಿದದ್ದು ಈ ಪೆಟ್ಟಿಗೆಯಿಂದ.

ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಉದ್ದಗಲಕ್ಕೂ ಇಂಥ ಬ್ಯಾಂಕುಗಳು ಹುಟ್ಟಿದವು. 1819ರಲ್ಲಿ ಸ್ಕಾಟ್‌ಲೆಂಡಿನ ಉಳಿತಾಯ ಬ್ಯಾಂಕುಗಳಿಗೆ ಕಾನೂನಿನ ರಕ್ಷಣೆ ಸಿಗಲು ಡಂಕನ್ ಶ್ರಮಿಸಿದರು. 1843ರಲ್ಲಿ ಚರ್ಚ್ ಇಬ್ಭಾಗವಾದಾಗ ತಾವು ನಂಬಿದ ಕಡೆ ನಿಂತು, ನಾಲ್ಕು ದಶಕ ಬಾಳಿದ ಮನೆಯನ್ನೇ ತೊರೆದರು. 1846ರಲ್ಲಿ ತೀರಿಕೊಂಡರು.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಾವು ನಾಳೆ ಕೌಂಟರಿನ ಆಚೆ ಕೂರಬಹುದು. ಸೆರಗಿನ ಗಂಟು ಬಿಚ್ಚಿ ಹತ್ತರ ನೋಟು ಎಣಿಸುವ ಅಜ್ಜಿಯನ್ನು ಕಂಡು ಅಸಹನೆ ಮೂಡಿದರೆ, ಆ 6 ಪೆನ್ಸ್ ನೆನಪಾಗಲಿ.